ಎರಡು ಕಳವು, ಒಂದೇ ಕಣಜ
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಸಾಮಾನ್ಯವಾಗಿ ನಿಮ್ಮೆದುರು ನಿಲ್ಲುವುದು ಬೀಜೋಪಚಾರದ ವಿಷಯ, ಗೊಬ್ಬರದ ವಿಷಯ, ಇಲ್ಲವೇ ಮೆಕ್ಕೆಜೋಳದ ಸೈನಿಕ ಹುಳುವಿನ ವಿಷಯ ಹೇಳುವುದಕ್ಕೆ. ಈ ದಿವಸ ಅವನ್ನೆಲ್ಲ ಬಿಟ್ಟು ತೆರಿಗೆಯ ಮಾತು ತೆಗೆದರೆ, "ಇವನಿಗೇಕೆ ಈ ಉಸಾಬರಿ?" ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಹೋದ ಗ್ರಾಮಸಭೆಯಲ್ಲಿ ಪಡಿತರ ಚೀಟಿಗೆ ಅನರ್ಹರಾದವರ ಹೆಸರುಗಳನ್ನು ಗಟ್ಟಿಯಾಗಿ ಓದಲಾಯಿತು. ಹೆಸರು ಬಂದವರಲ್ಲಿ ಕೆಲವರು ತಲೆ ತಗ್ಗಿಸಿದರು. ಕೆಲವರು ಜಗಳಕ್ಕೆ ನಿಂತರು. ಆಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ಅಕ್ಕಿ ತಿಂದವರ ಪಟ್ಟಿ ಓದಿದಿರಿ, ಸಂತೋಷ. ತೆರಿಗೆ ತಿಂದವರ ಪಟ್ಟಿ ಯಾವತ್ತು ಓದುತ್ತೀರಿ?" ಎಂದು ಕೇಳಿದರು. ಸಭೆ ನಕ್ಕಿತು. ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಈ ದಿನದ ನನ್ನ ಮಾತು ಆ ಪ್ರಶ್ನೆಗೆ ತಡವಾಗಿ ಕೊಡುವ ಉತ್ತರವೆಂದು ತಿಳಿಯಿರಿ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಅರ್ಹತೆ ಇಲ್ಲದೆ ಪಡಿತರ ತೆಗೆದುಕೊಳ್ಳುವುದು ತಪ್ಪಲ್ಲವೆಂದು ನಾನು ಹೇಳುವುದಿಲ್ಲ. ಮನೆ ಮುಂದೆ ಕಾರು ನಿಲ್ಲಿಸಿಕೊಂಡು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಚೀಲ ಹಿಡಿದು ನಿಲ್ಲುವವನು ಬಡವನ ಪಾಲನ್ನು ಕದಿಯುತ್ತಾನೆ. ಹಾಗೆಯೇ, ಕೊಡಬೇಕಾದ ತೆರಿಗೆಯನ್ನು ಬಚ್ಚಿಡುವವನೂ ಕದಿಯುತ್ತಾನೆ. ಒಬ್ಬನು ಕಣಜದಿಂದ ಕಾಳು ತೆಗೆಯುತ್ತಾನೆ, ಇನ್ನೊಬ್ಬನು ಕಣಜಕ್ಕೆ ಹಾಕಬೇಕಾದ ಕಾಳನ್ನು ಹಾಕುವುದೇ ಇಲ್ಲ. ಕಣಜ ಬರಿದಾಗುವುದು ಎರಡರಿಂದಲೂ. ಪ್ರಶ್ನೆ ಇರುವುದು, ಕಾವಲುಗಾರನು ಮೊದಲು ಎತ್ತ ನೋಡಬೇಕು ಎಂಬುದರಲ್ಲಿ.

ತೆರಿಗೆ ಕೊಡುವವರು ಯಾರು?

"ತೆರಿಗೆ ಕೊಡುವವರು ಪೇಟೆಯವರು, ತಿನ್ನುವವರು ಹಳ್ಳಿಯವರು" ಎಂದು ಹೇಳುವವರನ್ನು ನೀವು ಕೇಳಿರುತ್ತೀರಿ. ಈ ಮಾತು ಸುಳ್ಳು. ೨೦೧೭ನೆಯ ಇಸವಿ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ., ಜಾರಿಯಲ್ಲಿದೆ. ಮೈಸೋಪು, ಹಲ್ಲುಪುಡಿ, ಬಿಸ್ಕತ್ತು, ಕೀಟನಾಶಕ, ಸಿಮೆಂಟು, ಎಲ್ಲದರ ಬೆಲೆಯೊಳಗೂ ತೆರಿಗೆ ಅಡಗಿ ಕುಳಿತಿದೆ. ೨೦೨೫ನೆಯ ಸೆಪ್ಟೆಂಬರ್ ೨೨ರಿಂದ ಸೋಪಿನ ಮೇಲಿನ ತೆರಿಗೆ ಶೇಕಡ ೧೮ರಿಂದ ೫ಕ್ಕೆ ಇಳಿಯಿತು. ಇಳಿದರೂ ತೆರಿಗೆ ತೆರಿಗೆಯೇ. ಮೊಬೈಲಿಗೆ ೧೯೯ ರೂಪಾಯಿ ಹಾಕಿಸಿದರೆ ಅದರಲ್ಲಿ ಸುಮಾರು ೩೦ ರೂಪಾಯಿ ತೆರಿಗೆ. ಕೂಲಿಗೆ ಹೋಗುವ ಹೆಣ್ಣುಮಗಳೂ ಆ ೩೦ ರೂಪಾಯಿ ಕೊಡುತ್ತಾಳೆ, ನೂರು ಎಕರೆ ಯಜಮಾನನೂ ಅಷ್ಟೇ ಕೊಡುತ್ತಾನೆ. ಆಕೆ ಈ ತೆರಿಗೆಯನ್ನು ತಪ್ಪಿಸುವಂತಿಲ್ಲ. ತಪ್ಪಿಸುವ ಅನುಕೂಲವಿರುವುದು ಲೆಕ್ಕ ಬರೆಯುವವರಿಗೆ ಮಾತ್ರ.

ಆದಾಯ ತೆರಿಗೆಯ ಲೆಕ್ಕ ಬೇರೆ. ೨೦೧೭ನೆಯ ಫೆಬ್ರವರಿಯಲ್ಲಿ ಆಗಿನ ಅರ್ಥಸಚಿವ ಶ್ರೀ ಅರುಣ್ ಜೇಟ್ಲಿಯವರು ಬಜೆಟ್ಟಿನ ಭಾಷಣದಲ್ಲಿ ಕೆಲವು ಅಂಕಿಗಳನ್ನು ದೇಶದ ಮುಂದಿಟ್ಟರು. ೨೦೧೫-೧೬ರಲ್ಲಿ ಆದಾಯದ ವಿವರ ಸಲ್ಲಿಸಿದವರು ೩.೭ ಕೋಟಿ ಜನ. ವರ್ಷಕ್ಕೆ ೧೦ ಲಕ್ಷಕ್ಕಿಂತ ಹೆಚ್ಚು ಆದಾಯ ತೋರಿಸಿದವರು ಕೇವಲ ೨೪ ಲಕ್ಷ ಜನ. ೫೦ ಲಕ್ಷಕ್ಕಿಂತ ಹೆಚ್ಚು ತೋರಿಸಿದವರು ೧.೭೨ ಲಕ್ಷ ಮಾತ್ರ. ಆದರೆ ಅದರ ಹಿಂದಿನ ಐದು ವರ್ಷಗಳಲ್ಲಿ ೧.೨೫ ಕೋಟಿಗೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು. ೨೦೧೫ರ ಒಂದೇ ವರ್ಷದಲ್ಲಿ ೨ ಕೋಟಿ ಭಾರತೀಯರು ವಿಮಾನದಲ್ಲಿ ಹೊರದೇಶಕ್ಕೆ ಹೋಗಿದ್ದರು. ೫ ಲಕ್ಷಕ್ಕೆ ಮೇಲ್ಪಟ್ಟು ಆದಾಯ ತೋರಿಸಿದ ೭೬ ಲಕ್ಷ ಜನರಲ್ಲಿ ೫೬ ಲಕ್ಷ ಜನ ಸಂಬಳದಾರರು. ಅವರ ತೆರಿಗೆ ಸಂಬಳ ಕೈಗೆ ಬರುವ ಮೊದಲೇ ಮುರಿದುಹೋಗಿರುತ್ತದೆ. ಉಳಿದವರೆಲ್ಲಿ? ಅಷ್ಟು ಕಾರುಗಳನ್ನು ಕೊಂಡವರು ಯಾರು? ಅರ್ಥಸಚಿವರೇ ಕೇಳಿದಂತಾದ ಈ ಪ್ರಶ್ನೆಯನ್ನು ನಾವೂ ಕೇಳಬಹುದು.

ಇದು ಈಚಿನ ರೋಗವಲ್ಲ. ನಮ್ಮ ಸಮುದಾಯ ಅಭಿವೃದ್ಧಿ ಯೋಜನೆ ೧೯೫೨ನೆಯ ಅಕ್ಟೋಬರ್ ೨ರಂದು ಪ್ರಾರಂಭವಾಯಿತಷ್ಟೆ. ಅದಾದ ನಾಲ್ಕು ವರ್ಷಕ್ಕೆ, ೧೯೫೬ರಲ್ಲಿ, ನಿಕೊಲಸ್ ಕಾಲ್ಡರ್ ಎಂಬ ಅರ್ಥಶಾಸ್ತ್ರಜ್ಞರು ಸರ್ಕಾರದ ಕೋರಿಕೆಯ ಮೇಲೆ ಇಲ್ಲಿಗೆ ಬಂದು ಪರಿಶೀಲಿಸಿ, ವರ್ಷಕ್ಕೆ ೨೦೦ರಿಂದ ೩೦೦ ಕೋಟಿ ರೂಪಾಯಿನ ಆದಾಯ ತೆರಿಗೆ ತಪ್ಪಿಹೋಗುತ್ತಿದೆ ಎಂದು ಅಂದಾಜು ಮಾಡಿದರು. ಅವರ ಸಲಹೆಯಂತೆ ೧೯೫೭ರಲ್ಲಿ ಸಂಪತ್ತಿನ ತೆರಿಗೆ ಬಂತು. ಸಿರಿವಂತರೆಲ್ಲರಿಂದ ೨೦೧೩-೧೪ರಲ್ಲಿ ಅದರಿಂದ ಬಂದದ್ದು ೧,೦೦೮ ಕೋಟಿ ರೂಪಾಯಿ ಮಾತ್ರ. ಶ್ರಮಕ್ಕೆ ತಕ್ಕ ಫಲವಿಲ್ಲವೆಂದು ೨೦೧೫ರ ಬಜೆಟ್ಟಿನಲ್ಲಿ ಅದನ್ನು ಕೈಬಿಟ್ಟು, ಬದಲಿಗೆ ಕೋಟಿಗೆ ಮೇಲ್ಪಟ್ಟ ಆದಾಯದವರ ಮೇಲೆ ಮೇಲ್ತೆರಿಗೆ ಹೆಚ್ಚಿಸಲಾಯಿತು.

ಅಡಿಕೆ ಲಾರಿಯ ಲೆಕ್ಕ

ದೊಡ್ಡ ಅಂಕಿಗಳು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ನಮ್ಮ ಕಡೆಯದೇ ಒಂದು ಲೆಕ್ಕ ಹಾಕೋಣ.

ಒಣ ಅಡಿಕೆಗೆ ಶೇಕಡ ೫ರಷ್ಟು ಜಿ.ಎಸ್.ಟಿ. ಇದೆ. ತಾನು ಬೆಳೆದದ್ದನ್ನು ಮಾರುವ ರೈತ ಈ ತೆರಿಗೆ ಕಟ್ಟಬೇಕಾದ್ದಿಲ್ಲ. ವರ್ತಕನು ಕೊಂಡು ಮುಂದಕ್ಕೆ ಮಾರುವಾಗ ಕಟ್ಟಬೇಕು. ಸಹಕಾರ ಸಂಘಕ್ಕೆ ಅಡಿಕೆ ಹಾಕಿದರೆ ಅದಕ್ಕೆ ಬಿಲ್ಲು ಇರುತ್ತದೆ, ತೆರಿಗೆಯೂ ಸಲ್ಲುತ್ತದೆ. ಆದರೆ ಮನೆ ಬಾಗಿಲಿಗೆ ಬಂದು, "ಬಿಲ್ಲು ಬೇಡ, ನಗದು ಎಣಿಸಿಕೊಳ್ಳಿ, ಕ್ವಿಂಟಲಿಗೆ ಇನ್ನೂರು ಹೆಚ್ಚು ಕೊಡುತ್ತೇನೆ" ಎನ್ನುವವರು ನಿಮಗೆಲ್ಲ ಗೊತ್ತು. ಆ ಅಡಿಕೆ ರಾತ್ರಿ ಲಾರಿ ಹತ್ತಿ ಉತ್ತರದ ಕಡೆಗೆ ಹೋಗುತ್ತದೆ. ಕಾಗದದಲ್ಲಿ ಅದು ಹುಟ್ಟಿಯೇ ಇಲ್ಲ.

ಒಂದು ಲಾರಿಯಲ್ಲಿ ನೂರು ಕ್ವಿಂಟಲ್, ಕ್ವಿಂಟಲಿಗೆ ೫೦,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಸರಕಿನ ಬೆಲೆ ೫೦ ಲಕ್ಷ. ತಪ್ಪಿದ ತೆರಿಗೆ ಎರಡೂವರೆ ಲಕ್ಷ.

ಈಗ ಪಡಿತರದ ಲೆಕ್ಕ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ ೫ ಕಿಲೋ ಧಾನ್ಯ. ನಾಲ್ಕು ಜನರ ಮನೆಗೆ ವರ್ಷಕ್ಕೆ ೨೪೦ ಕಿಲೋ. ೨೦೨೩ರಲ್ಲಿ ನಮ್ಮ ರಾಜ್ಯ ಸರ್ಕಾರ ಹೆಚ್ಚುವರಿ ಅಕ್ಕಿಯ ಬದಲು ಹಣ ಕೊಟ್ಟಾಗ ಕಿಲೋಗೆ ೩೪ ರೂಪಾಯಿನಂತೆ ಕೊಟ್ಟಿತು. ಅದೇ ದರ ಹಿಡಿದರೆ ೨೪೦ ಕಿಲೋಗೆ ೮,೧೬೦ ರೂಪಾಯಿ. ಅಂದರೆ ಒಂದು ರಾತ್ರಿ ಹೋದ ಒಂದು ಲಾರಿಯ ತೆರಿಗೆ, ಮೂವತ್ತು ಮನೆಗಳು ಇಡೀ ವರ್ಷ ತಿನ್ನುವ ಪಡಿತರಕ್ಕೆ ಸಮ. ಮೂವತ್ತು ಮನೆಯವರನ್ನೂ ಸಭೆಯಲ್ಲಿ ನಿಲ್ಲಿಸಿ ಹೆಸರು ಓದಬಹುದು. ಲಾರಿಯ ಹೆಸರನ್ನು ಯಾರೂ ಓದುವುದಿಲ್ಲ.

ಬಿಲ್ಲಿಲ್ಲದ ವ್ಯಾಪಾರದಿಂದ ಬೆಳೆಗಾರನಿಗೆ ಲಾಭವೆಂಬುದೂ ಭ್ರಮೆ. ಹೊರದೇಶದ ಅಡಿಕೆ ಅಗ್ಗವಾಗಿ ನುಗ್ಗಿ ನಮ್ಮ ಧಾರಣೆ ಬೀಳದಿರಲೆಂದು, ಕಿಲೋಗೆ ೩೫೧ ರೂಪಾಯಿಗಿಂತ ಕಡಿಮೆ ಬೆಲೆಯಲ್ಲಿ ಆಮದು ಕೂಡದೆಂದು ೨೦೨೩ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿತು. ಆದರೂ ಕಳ್ಳದಾರಿಯಲ್ಲಿ ಬಂದ ಅಡಿಕೆ ಸಿಕ್ಕಿಬೀಳುವ ಸುದ್ದಿ ಆಗಾಗ ಬರುತ್ತದೆ. ಸುಂಕ ತಪ್ಪಿಸಿದ ಆ ಅಡಿಕೆಯೂ ಬಿಲ್ಲಿಲ್ಲದ ನಮ್ಮ ಅಡಿಕೆಯೂ ಒಂದೇ ಕತ್ತಲೆಯ ಮಾರುಕಟ್ಟೆಯಲ್ಲಿ ಕಲೆಯುತ್ತವೆ. ಇನ್ನೂರು ರೂಪಾಯಿ ಆಸೆಗೆ ನಾವು ಬೆಳೆಸಿದ ಕತ್ತಲೆಯೇ ನಮ್ಮ ಧಾರಣೆಯನ್ನು ತಿನ್ನುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ದೇಶದ ಲೆಕ್ಕ

ದೇಶದ ಮಟ್ಟದಲ್ಲೂ ಪ್ರಮಾಣ ಹೀಗೆಯೇ ಇದೆ. ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ೬,೦೦೦ ರೂಪಾಯಿ ಬರುತ್ತದೆಂಬುದು ನಿಮಗೆ ಗೊತ್ತು. ಇದರಲ್ಲಿ ಅನರ್ಹರಾದ ೪೨ ಲಕ್ಷ ಜನರಿಗೆ ೨,೯೯೨ ಕೋಟಿ ರೂಪಾಯಿ ಹೋಗಿದೆ ಎಂದು ೨೦೨೧ನೆಯ ಜುಲೈಯಲ್ಲಿ ಆಗಿನ ಕೃಷಿ ಸಚಿವರು ಲೋಕಸಭೆಗೆ ತಿಳಿಸಿದರು. ಎರಡು ವರ್ಷಕ್ಕೂ ಮೀರಿದ ಅವಧಿಯ ಮೊತ್ತವಿದು. ಸಣ್ಣ ಹಣವೆಂದು ಯಾರೂ ಹೇಳಲಾರರು. ಇನ್ನೊಂದು ಪಕ್ಕದಲ್ಲಿ, ಜಿ.ಎಸ್.ಟಿ. ಬೇಹುಗಾರಿಕೆ ಮಹಾನಿರ್ದೇಶನಾಲಯದವರು ೨೦೨೩-೨೪ರ ಒಂದೇ ವರ್ಷದಲ್ಲಿ ೬,೦೮೪ ಪ್ರಕರಣಗಳಲ್ಲಿ ಪತ್ತೆಮಾಡಿದ ತೆರಿಗೆ ವಂಚನೆ ೨.೦೧ ಲಕ್ಷ ಕೋಟಿ ರೂಪಾಯಿ. ಆರೋಪ ಹೊತ್ತವರು ಅದನ್ನು ಅಲ್ಲಗಳೆಯಬಹುದು. ವಿಚಾರಣೆಯ ನಂತರ ಮೊತ್ತ ಕಡಿಮೆಯೂ ಆಗಬಹುದು. ಆದರೂ ಹೋಲಿಸಿ ನೋಡಿ. ಒಂದು ಕಡೆ ೪೨ ಲಕ್ಷ ಜನ, ಇನ್ನೊಂದು ಕಡೆ ಆರು ಸಾವಿರ ಚಿಲ್ಲರೆ ಪ್ರಕರಣ. ಆರು ಸಾವಿರದ ಮೊತ್ತ ೪೨ ಲಕ್ಷದ ಮೊತ್ತಕ್ಕಿಂತ ಅರವತ್ತು ಪಟ್ಟಿಗೂ ಹೆಚ್ಚು.

ಸವಲತ್ತಿನ ವಂಚನೆ ಎಂದು ಕರೆಯುವುದರಲ್ಲೂ ತಿಂದವರು ಯಾವಾಗಲೂ ಬಡವರೇ ಅಲ್ಲ. ೨೦೦೫ರ ಕಾಯಿದೆಯಡಿ ನಡೆದ ಉದ್ಯೋಗ ಖಾತರಿ ಕೆಲಸಗಳಲ್ಲಿ, ೨೦೧೭-೧೮ರಿಂದ ನಾಲ್ಕು ವರ್ಷಗಳ ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ ೯೩೫ ಕೋಟಿ ರೂಪಾಯಿ ದುರುಪಯೋಗ ಕಂಡುಬಂತು. ಲಂಚ, ಇಲ್ಲದ ಹೆಸರಿಗೆ ಪಾವತಿ, ಸಾಮಗ್ರಿಗೆ ಹೆಚ್ಚಿನ ದರ ಕೊಟ್ಟದ್ದು, ಇವು ಅದರಲ್ಲಿ ಮುಖ್ಯ. ಗುದ್ದಲಿ ಹಿಡಿದವನು ತಿಂದದ್ದಲ್ಲ ಅದು. ವಸೂಲಾದದ್ದು ಹನ್ನೆರಡೂವರೆ ಕೋಟಿ.

ನಮಗೆ ರೈತರಿಗೆ ಸಂಬಂಧಪಟ್ಟ ಇನ್ನೊಂದು ವಿಷಯ. ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಮಳೆ ನಂಬಿ ಬದುಕುವವರಿಗೆ ಇದು ನ್ಯಾಯವಾದ ರಕ್ಷಣೆ. ಆದರೆ ಬೇರೆ ದುಡಿಮೆಯ ಹಣವನ್ನು ಬೇಸಾಯದ್ದೆಂದು ತೋರಿಸಿ ಇದೇ ಕೊಡೆಯ ಕೆಳಗೆ ನಿಲ್ಲುವವರೂ ಇದ್ದಾರೆ. ಮಹಾಲೇಖಪಾಲರು ೨೦೧೯ರ ವರದಿಯಲ್ಲಿ ಇಂಥ ವಿನಾಯಿತಿಯ ೬,೭೭೮ ಪ್ರಕರಣಗಳನ್ನು ಪರೀಕ್ಷಿಸಿದರು. ಶೇಕಡ ೨೨.೫ರಷ್ಟು ಪ್ರಕರಣಗಳಲ್ಲಿ ದಾಖಲೆಗಳನ್ನು ಸರಿಯಾಗಿ ನೋಡದೆಯೇ ವಿನಾಯಿತಿ ಒಪ್ಪಿಕೊಳ್ಳಲಾಗಿತ್ತು. ಎರಡು ಸಾವಿರ ರೂಪಾಯಿ ಕಂತಿಗೆ ರೈತನಿಂದ ಪಹಣಿ, ಆಧಾರ್, ಬೆರಳಚ್ಚು ಎಲ್ಲವನ್ನೂ ಕೇಳುತ್ತೇವೆ. ಲಕ್ಷಾಂತರ ರೂಪಾಯಿ ವಿನಾಯಿತಿಗೆ ಐದರಲ್ಲಿ ಒಂದು ಸಲ ಕಾಗದವನ್ನೂ ಸರಿಯಾಗಿ ನೋಡುವುದಿಲ್ಲ.

ನಾನು ರುಜು ಹಾಕಿದ ಪಟ್ಟಿ

ಹಾಗಾದರೆ ಸಣ್ಣವರನ್ನೇ ಹಿಡಿಯುವುದೇಕೆ? ನನಗೆ ತಿಳಿದಮಟ್ಟಿಗೆ ಕಾರಣ ಬಹಳ ಸರಳ. ಅವರನ್ನು ಹಿಡಿಯುವುದು ಸುಲಭ. ಅವರ ಹೆಸರು, ವಿಳಾಸ, ಬೆರಳಚ್ಚು ನಮ್ಮ ಕೈಯಲ್ಲಿವೆ. ಅವರು ವಕೀಲರನ್ನಿಡುವುದಿಲ್ಲ, ಮೇಲ್ಮನವಿ ಸಲ್ಲಿಸುವುದಿಲ್ಲ. ತಿಂಗಳ ಕೊನೆಗೆ ಇಷ್ಟು ಹೆಸರು ತೆಗೆದೆವೆಂದು ಮೇಲಕ್ಕೆ ವರದಿ ಕಳಿಸಬಹುದು. ಇದನ್ನು ನಾನು ಇತರರ ಮೇಲೆ ಹೊರಿಸಿ ಹೇಳುತ್ತಿಲ್ಲ. ನಾನೂ ಅಂಥ ಪಟ್ಟಿ ಮಾಡಿದವನೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಿ.ಎಂ. ಕಿಸಾನ್ ಫಲಾನುಭವಿಗಳ ಸ್ಥಳ ಪರಿಶೀಲನೆಗೆ ನನ್ನನ್ನು ಕಳಿಸಿದರು. ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡಿದ್ದರು. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ನಾನು "ಮರಣ, ಅನರ್ಹ" ಎಂದು ಬರೆದು ರುಜು ಹಾಕಿ, ಅವರ ಪತ್ನಿ ಕೊಟ್ಟ ಮಜ್ಜಿಗೆ ಕುಡಿದು ಎದ್ದುಬಂದೆ. ಬರೆದದ್ದು ನಿಯಮದ ಪ್ರಕಾರ ಸರಿಯೇ. ಆದರೆ ಪೌತಿ ಖಾತೆ ಮಾಡಿಸಿ ಜಮೀನು ತನ್ನ ಹೆಸರಿಗೆ ಬಂದರೆ ಆಕೆಯೇ ಅರ್ಹಳಾಗುತ್ತಾಳೆ ಎಂಬ ಒಂದು ಮಾತನ್ನು ನಾನು ಹೇಳಲಿಲ್ಲ. ಅದು ನನ್ನ ಪಟ್ಟಿಯ ಕೆಲಸವಾಗಿರಲಿಲ್ಲ. ಒಂದು ವರ್ಷದ ಮೇಲೆ ಆಕೆ ಕಚೇರಿಗೆ ಬಂದು, "ನನ್ನಿಂದ ಏನು ತಪ್ಪಾಯಿತು, ಸ್ವಾಮಿ?" ಎಂದು ಕೇಳಿದರು. ಅಷ್ಟರಲ್ಲಿ ಮೂರು ಕಂತು ಹೋಗಿತ್ತು. ಅರ್ಜಿ ಬರೆದುಕೊಟ್ಟು, ನಾಡಕಚೇರಿಗೆ ಜೊತೆಯಲ್ಲಿ ಹೋಗಿ ಖಾತೆ ಮಾಡಿಸಿದೆವು. ಮುಂದಿನ ಕಂತು ಬಂತು. ಹೋದ ಆರು ಸಾವಿರ ಬರಲಿಲ್ಲ.

ಪರಿಶೀಲನೆಯ ಅದೇ ದಿನ ಮಧ್ಯಾಹ್ನ ನನಗೆ ಇನ್ನೊಂದು ಮನೆಯಲ್ಲಿ ಊಟ. ಆ ಯಜಮಾನರು ಗುತ್ತಿಗೆ ಕೆಲಸದಲ್ಲಿ ಬಂದ ಹಣವನ್ನು ತೋಟದ ಆದಾಯವೆಂದು ತೋರಿಸುವ ಉಪಾಯವನ್ನು ನಗುತ್ತ ವಿವರಿಸಿದರು. ನಾನೂ ನಕ್ಕೆ. ಅದನ್ನು ಬರೆಯಲು ನನ್ನ ಪಟ್ಟಿಯಲ್ಲಿ ಕಾಲಮ್ಮು ಇರಲಿಲ್ಲ.

ತಪ್ಪಾದರೆ ಹೊರುವವರು ಯಾರು?

ಇದರಿಂದ ನಾನು ಕಲಿತ ಪಾಠ ಇದು. ತೆರಿಗೆಯ ತನಿಖೆಯಲ್ಲಿ ತಪ್ಪಾದರೆ ವರ್ತಕನಿಗೆ ತೊಂದರೆಯಾಗುತ್ತದೆ, ನಿಜ. ಆದರೆ ಅವನಿಗೆ ನೋಟೀಸು ಬರುತ್ತದೆ, ಉತ್ತರಿಸಲು ಅವಕಾಶವಿದೆ, ಮೇಲ್ಮನವಿ ಇದೆ. ಆ ರಾತ್ರಿಯ ಊಟ ತಪ್ಪುವುದಿಲ್ಲ. ಪಡಿತರದಲ್ಲಿ ತಪ್ಪಾದರೆ ಮೊದಲು ಆರುವುದು ಒಲೆ.

ಜಾರ್ಖಂಡ ರಾಜ್ಯದಲ್ಲಿ ೨೦೧೬ರಿಂದ ೨೦೧೮ರ ಅವಧಿಯಲ್ಲಿ ರದ್ದಾದ ಪಡಿತರ ಚೀಟಿಗಳನ್ನು ಅರ್ಥಶಾಸ್ತ್ರಜ್ಞರು ಹತ್ತು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಮಾದರಿ ಪರೀಕ್ಷೆ ಮಾಡಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ಚೀಟಿಗಳು ನಿಜವಾಗಿ ಇದ್ದ ಮನೆಗಳವು ಎಂದು ತಿಳಿಯಿತು. ಅದೇ ರಾಜ್ಯದ ಸಿಮ್ಡೇಗಾ ಜಿಲ್ಲೆಯಲ್ಲಿ, ಆಧಾರ್ ಜೋಡಣೆಯಾಗಿಲ್ಲವೆಂದು ಚೀಟಿ ರದ್ದಾಗಿದ್ದ ಮನೆಯೊಂದರ ಹನ್ನೊಂದು ವರ್ಷದ ಹುಡುಗಿ ೨೦೧೭ನೆಯ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಹಸಿವಿನಿಂದ ಎಂದು ತಾಯಿ ಹೇಳಿದಳು, ಮಲೇರಿಯಾದಿಂದ ಎಂದು ಅಧಿಕಾರಿಗಳು ಹೇಳಿದರು. ಮನೆಯ ಚೀಟಿ ರದ್ದಾಗಿತ್ತೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ನಮ್ಮ ರಾಜ್ಯದಲ್ಲೂ ೨೦೨೪ನೆಯ ನವೆಂಬರಿನಲ್ಲಿ ಬಿ.ಪಿ.ಎಲ್. ಚೀಟಿಗಳನ್ನು ತೆಗೆದಾಗ ಅರ್ಹರದ್ದೂ ಹೋಯಿತೆಂದು ಕೂಗೆದ್ದಿತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕೊಡುವವರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದು.

ನಾವು ಹೊಲದಲ್ಲಿ ಹುಳು ಕಂಡಕೂಡಲೇ ಔಷಧಿ ಹೊಡೆಯುವುದಿಲ್ಲ. ಹುಳುವಿನಿಂದ ಆಗುವ ನಷ್ಟ ಎಷ್ಟು, ಔಷಧಿಯ ಖರ್ಚು ಎಷ್ಟು, ಜೇನಿಗೆ, ದನಕ್ಕೆ ಆಗುವ ಹಾನಿ ಎಷ್ಟು ಎಂದು ತೂಗಿ ನೋಡುತ್ತೇವೆ. ನಷ್ಟ ಹೆಚ್ಚಿರುವ ಕಡೆ ಮೊದಲು ಹೊಡೆಯುತ್ತೇವೆ. ಸರ್ಕಾರಕ್ಕೂ ಇರುವ ಸಿಬ್ಬಂದಿ, ಸಮಯ ಮಿತವಾದದ್ದು. ಒಬ್ಬ ನೌಕರನ ಒಂದು ದಿನವನ್ನು ಎಲ್ಲಿ ಹಾಕಿದರೆ ಕಣಜಕ್ಕೆ ಹೆಚ್ಚು ಕಾಳು ಬೀಳುತ್ತದೆ, ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ತೂಗಬೇಕು. ಹಾಗೆ ತೂಗಿದರೆ ತೆರಿಗೆಯ ದೊಡ್ಡ ವಂಚನೆ ಮೊದಲು, ಸವಲತ್ತಿನ ಹಣ ನುಂಗುವ ಮಧ್ಯವರ್ತಿ ಎರಡನೆಯದು, ಸುಳ್ಳು ಚೀಟಿಯ ಮನೆ ಮೂರನೆಯದು ಎಂದು ನನಗೆ ತೋರುತ್ತದೆ. ಮೂರನೆಯದನ್ನು ಬಿಡಬೇಕೆಂದಲ್ಲ. ಮೊದಲನೆಯದನ್ನು ಮುಟ್ಟದೆ ಮೂರನೆಯದನ್ನೇ ಹಿಡಿದು ಕುಳಿತರೆ ಜನ ನಂಬುವುದಿಲ್ಲ.

ನಾವು ಮಾಡತಕ್ಕದ್ದೇನು?

ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂರುವುದು ನಮ್ಮ ಯೋಜನೆಯ ಧರ್ಮವಲ್ಲ. ಈ ಊರಿನಲ್ಲೇ ನಾವು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಒಂದು: ಅರ್ಹತೆ ಮೀರಿದವರು ತಾವಾಗಿ ಚೀಟಿ ಹಿಂದಿರುಗಿಸಿ. ಪಟ್ಟಿಯಲ್ಲಿ ಹೆಸರು ಓದಿಸಿಕೊಳ್ಳುವುದಕ್ಕಿಂತ ಅದು ಮರ್ಯಾದೆ.

ಎರಡು: ಯಾರ ಹೆಸರನ್ನಾದರೂ ತೆಗೆಯುವ ಮೊದಲು ಆ ಮನೆಗೆ ಕಾಗದದಲ್ಲಿ ತಿಳಿಸಿ, ಹದಿನೈದು ದಿನ ಕಾಲ ಕೊಟ್ಟು, ಅವರ ಮಾತು ಕೇಳಬೇಕೆಂದು ಗ್ರಾಮಸಭೆ ನಿರ್ಣಯ ಮಾಡಲಿ. ತಪ್ಪಾಗಿ ಹೆಸರು ಹೋದವರು ಆಹಾರ ಭದ್ರತಾ ಕಾಯಿದೆಯ ಮೇರೆಗೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ.

ಮೂರು: ತೀರಿಕೊಂಡವರ ಹೆಸರಿನಲ್ಲಿ ಪಹಣಿ ಇರುವ ಮನೆಯವರು ಪೌತಿ ಖಾತೆ ಮಾಡಿಸಿಕೊಳ್ಳಿ. ಮುಖ್ಯವಾಗಿ ಹೆಣ್ಣುಮಕ್ಕಳು ಇದನ್ನು ನಾಳೆಗೆ ಹಾಕಬೇಡಿ.

ನಾಲ್ಕು: ಮಾರುವಾಗಲೂ ಕೊಳ್ಳುವಾಗಲೂ ಬಿಲ್ಲು ಕೇಳಿ. ಔಷಧಿ ಅಂಗಡಿಯ ಬಿಲ್ಲು ಇದ್ದರೆ ಕಳಪೆ ಮಾಲಿನ ಮೇಲೆ ದೂರು ಕೊಡಲು ನಿಮಗೇ ಆಧಾರವಾಗುತ್ತದೆ. ಅಡಿಕೆಯ ಬಿಲ್ಲು ಬ್ಯಾಂಕಿನ ಸಾಲಕ್ಕೆ ಸಾಕ್ಷಿಯಾಗುತ್ತದೆ.

ಐದು: ಗ್ರಾಮ ಪಂಚಾಯಿತಿಗೆ ಬರಬೇಕಾದ ಕಂದಾಯದ ಬಾಕಿ ಪಟ್ಟಿಯನ್ನೂ ಸಭೆಯಲ್ಲಿ ಓದಲಿ. ಓದುವಾಗ ದೊಡ್ಡ ಮೊತ್ತದಿಂದ ಪ್ರಾರಂಭಿಸಲಿ: ಗೋದಾಮು, ಕಲ್ಯಾಣ ಮಂಟಪ, ಇಟ್ಟಿಗೆ ಗೂಡು, ಗಿರಣಿ. ಗುಡಿಸಲಿನ ಇನ್ನೂರು ರೂಪಾಯಿ ಬಾಕಿ ಕೊನೆಯ ಪುಟದಲ್ಲಿರಲಿ.

ಈ ಐದನೆಯದು ಸುಲಭವಲ್ಲ. ಆ ಪಟ್ಟಿಯಲ್ಲಿ ನಮಗೆ ಊಟ ಹಾಕಿದವರ ಹೆಸರಿರುತ್ತದೆ, ಜಾತ್ರೆಗೆ ಚಂದಾ ಕೊಟ್ಟವರ ಹೆಸರಿರುತ್ತದೆ. ನನ್ನ ಗಂಟಲೂ ಒಣಗಬಹುದು. ಆದರೆ ಪಡಿತರದ ಪಟ್ಟಿ ಓದಿದ ದಿನ ನಮ್ಮ ಗಂಟಲು ಒಣಗಲಿಲ್ಲವಲ್ಲ? ಬಡವರ ಹೆಸರು ಓದುವ ಧ್ವನಿಯಲ್ಲೇ ಉಳ್ಳವರ ಹೆಸರನ್ನೂ ಓದಲು ನಾವು ಕಲಿತ ದಿನ, ಹಿಂದಿನ ಸಾಲಿನ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ. ಮುಂದಿನ ಸಭೆಗೆ ಬಾಕಿ ಪಟ್ಟಿಯನ್ನು ತರಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿಕೊಳ್ಳುತ್ತೇನೆ. ಬೇರೆ ಯಾರೂ ಓದಲು ಮುಂದೆ ಬಾರದಿದ್ದರೆ ನಾನೇ ಓದುತ್ತೇನೆ.

ಬರುವ ವಾರ ಬೀಜೋಪಚಾರದ ಪ್ರಾತ್ಯಕ್ಷಿಕೆ ಇದೆ. ಬೀಜದ ಜೊತೆ ಬಿಲ್ಲನ್ನೂ ತನ್ನಿ.